ನಕ್ಷೆಯಲ್ಲಿ ಕಪ್ಪಗಿದ್ದ ಗಲ್ಲಿ

ಜೂನ್ 4, ಸಂಜೆ
ಬೆಳಿಗ್ಗೆಯಿಂದ ಟೀ ಮೇಲೆ ಟೀ. ಪ್ಲಾನಿಂಗ್ ಆಫೀಸಿನಲ್ಲಿ ದೊಡ್ಡ ಮೀಟಿಂಗ್. ಗೋಡೆ ತುಂಬ ಊರಿನ ನಕ್ಷೆ, ಹಳದಿ ಚುಕ್ಕೆಗಳು. ರಾತ್ರಿ ಫೋನ್ ಎಲ್ಲಿರುತ್ತೋ ಅಲ್ಲೊಂದು ಚುಕ್ಕೆಯಂತೆ. ಕನ್ನಡಕದ ಸಾರ್ ಹೇಳುತ್ತಿದ್ದರು, "ಮನೆಮನೆ ಬಾಗಿಲು ತಟ್ಟೋ ಕಾಲ ಹೋಯ್ತು. ಬಸ್ಸು, ನೀರು, ಆಸ್ಪತ್ರೆ ಎಲ್ಲಿ ಬೇಕು ಅಂತ ಇದೇ ಹೇಳುತ್ತೆ." ಚೆನ್ನಾಗಿದೆ ಅನ್ನಿಸಿತು. ನಮ್ಮ ಗಲ್ಲಿ ಹುಡುಕಿದೆ. ಕಾಲುವೆ ಸಿಕ್ಕಿತು, ಮಾರ್ಕೆಟ್ ಸಿಕ್ಕಿತು. ನಡುವೆ ಬರೀ ಕಪ್ಪು.
ಅದರ ಮೇಲೆ ಕೆಂಪು ಗೆರೆ. ಹೊಸ ರಸ್ತೆ. "ಇಲ್ಲಿ ಯಾರೂ ಇಲ್ಲ, ಹಳೇ ಶೆಡ್‌ಗಳು. ನಮ್ಮ ಅದೃಷ್ಟ."
ನಾನಿದ್ದೀನಿ ಸಾರ್ — ಅನ್ನಬೇಕಿತ್ತು. ನಾಲ್ಕನೇ ಕ್ಲಾಸಿಗೇ ಓದು ಬಿಟ್ಟ ಟೀ ಕೊಡೋಳು, ಅಷ್ಟು ಜನರ ಮುಂದೆ... ಲೋಟ ಎತ್ತಿಕೊಂಡು ಬಂದೆ.

ಜೂನ್ 5
ಗಲ್ಲಿ ಯಾಕೆ ಕಪ್ಪು ಅಂತ ಹೊಳೆಯಿತು. ಗಲ್ಲಿಗೆ ಕರೆಂಟಿಲ್ಲ. ರಾತ್ರಿ ಎಲ್ಲರ ಫೋನೂ ಮಾರ್ಕೆಟ್ಟಿನ ಕರೆಂಟ್ ಮಾಮನ ಅಂಗಡಿಯಲ್ಲಿ ಚಾರ್ಜಿಗೆ. ನಾವು ಮಲಗೋದು ಇಲ್ಲಿ, ಫೋನು ಮಲಗೋದು ಅಲ್ಲಿ.
ಅತ್ತಿಗೆ ನಕ್ಕಳು. "ನಿಮ್ಮಣ್ಣನ ಗೊರಕೆನೂ ಕೇಳಿಸಲ್ವಾ ಆ ನಕ್ಷೆಗೆ?" ಆಮೇಲೆ ನಗು ನಿಂತಿತು. "ಸಾರ್‌ಗೆ ಹೇಳೇ."
"ಹೆದರಿಕೆ ಅತ್ತಿಗೆ."
"ಬಾಯಿದ್ದೂ ಮೂಗಿ ನೀನು."

ಜೂನ್ 9
ಬಾಯಿ ಬಿಡದೆ ಆಗೋ ದಾರಿ ಸಿಕ್ಕಿತು. ಅತ್ತಿಗೆಯೇ ಎಲ್ಲರಿಗೂ ಹೇಳಿ ಬಂದಳು — ಚಾರ್ಜಿಗೆ ಹಗಲು ಕೊಡಿ, ರಾತ್ರಿ ಫೋನ್ ಮನೇಲಿರಲಿ. "ಹಗಲು ಪ್ಲಗ್ ಎಲ್ಲಿ ಖಾಲಿ ಇರುತ್ತೆ ತಾಯಿ, ನನ್ನ ಮೂಗಿಗೆ ಸಿಕ್ಕಿಸ್ಕೊಳ್ಲಾ?" ಅಂತ ಗೊಣಗಿದ ಮಾಮ. ಆದರೂ ಒಪ್ಪಿದ.
ಅಜ್ಜಿ ಫೋನನ್ನು ಎದೆ ಮೇಲಿಟ್ಟುಕೊಂಡು ಮಲಗುತ್ತಾಳೆ. ಚೆನ್ನಾಗಿ ಕಾಣಲಿ ಅಂತ.

ಜೂನ್ 30
ಹೊಸ ನಕ್ಷೆ. ನಮ್ಮ ಗಲ್ಲಿ ಪೂರ್ತಿ ಹಳದಿ! ಅಜ್ಜಿಯ ಚುಕ್ಕೆ ಯಾವುದೋ ಅಂತ ನೋಡುತ್ತಾ ನಿಂತುಬಿಟ್ಟೆ.
ಕನ್ನಡಕದ ಸಾರ್ ಮುಖ ಗಂಟಾಗಿತ್ತು. "ಹೋದ ನಕ್ಷೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ರಸ್ತೆ ಸುದ್ದಿ ಸೋರಿದೆ. ಪರಿಹಾರದ ಆಸೆಗೆ ರಾತ್ರೋರಾತ್ರಿ ಬಂದು ಕೂತಿದ್ದಾರೆ."
"ಪುರಾವೆ?" ದೊಡ್ಡ ಸಾಹೇಬರು.
"ಇದೇ ಪುರಾವೆ ಸಾರ್."
"ಹಾಗಾದ್ರೆ ನೋಟಿಸ್ ಯಾಕೆ? ಎಬ್ಬಿಸಿ."
"ಸಾರ್..." ಅಂದೆ. ಎಲ್ಲರೂ ತಿರುಗಿದರು. "ಅದು ನಮ್ಮ ಗಲ್ಲಿ. ನಾನು ಹುಟ್ಟಿದ್ದೇ ಅಲ್ಲಿ."
ಕನ್ನಡಕದ ಸಾರ್ ನನ್ನನ್ನೇ ನೋಡಿದರು. "ಓ. ಸೋರಿದ್ದು ಇಲ್ಲಿಂದಾನಾ?"

ಜುಲೈ 3, ಬೆಳಿಗ್ಗೆ
ಕೆಲಸದಿಂದ ತೆಗೆದರು. ಟೀ ಪಾತ್ರೆ ಅಲ್ಲೇ ಉಳಿಯಿತು.
ಕಾಲುವೆ ಕಡೆಯಿಂದ ಜೆಸಿಬಿ ಸದ್ದು. ಹತ್ತಿರ ಬರುತ್ತಿದೆ. ಅಜ್ಜಿ ಫೋನ್ ಎದೆಗೊತ್ತಿಕೊಂಡು ಕೇಳುತ್ತಾಳೆ, "ಈಗ ಕಾಣ್ತಿದ್ದೀನೇನೇ ನಾನು?"
ಕಾಣ್ತಿದ್ದೀಯ ಅಜ್ಜಿ.
ಬಾಗಿಲು ತಟ್ಟುತ್ತಿದ್ದಾರೆ. ಆಫೀಸಿನವರು ನಮ್ಮ ಬಾಗಿಲು ತಟ್ಟೋದು ಇದೇ ಮೊದ—