ಖಾಲಿ ಹೊಟ್ಟೆಯ ಎಣ್ಣೆ

ಜೂನ್ 2, ಬೆಳಿಗ್ಗೆ, ಕುಷ್ಟಗಿ

ಮತ್ತೆ ಬೆಳ್ಳುಳ್ಳಿ ಸುಲಿದೆ. ಬೆರಳೆಲ್ಲ ಉರಿ. ಜಜ್ಜಿ, ಎಣ್ಣೆಯಲ್ಲಿ ಕಾಯಿಸಿ, ಸೋಸಿ ಇಟ್ಟೆ. ಅತ್ತೆ ವಿರೂಪಾಕ್ಷಮ್ಮನವರ ಖಾಲಿ ಹೊಟ್ಟೆಯ ಅಮೃತ.

ಅವರಿಗೆ ಶುಗರ್. ಹೋದ ವರ್ಷ ಹಾರ್ಟಿಗೆ ಸ್ಟೆಂಟ್. ರಕ್ತ ಹೆಪ್ಪುಗಟ್ಟಬಾರದೆಂದು ದಿನಾ ಮಾತ್ರೆ. ಎಣ್ಣೆಯದೂ ಅದೇ ಕೆಲಸವಂತೆ, ಮೆಡಿಕಲ್ ಶಾಪಿನ ಮಲ್ಲೇಶ ಹೇಳಿದ. ಎರಡೂ ಕೂಡಿದರೆ ಗಾಯದ ರಕ್ತ ಬೇಗ ನಿಲ್ಲುವುದಿಲ್ಲ.

ಅದನ್ನೇ ನಿನ್ನೆ ಬೀಗರ ಮುಂದೆ ಹೇಳಿದೆ. ಬುದ್ಧಿಗೇಡಿ ನಾನು.

"ಹೌದಾ? ಹಂಗಾರ ಮೊದಲ ನೀ ಕುಡಿ. ಸಾಯ್ತಿಯೇನ್ ನೋಡೂಣು."

ಅತ್ತೆ ಎಲ್ಲರೆದುರು ಕುಡಿಸಿದರು. ಸಾಯಲಿಲ್ಲವಲ್ಲ, ನಕ್ಕರು. ನನ್ನ ಗಂಡ ಪ್ರಭುರಾಜನೂ ನಕ್ಕ.

"ಇನ್ನ ಮ್ಯಾಲೆ ಮಂದಿ ಮುಂದ ಬಾಯಿ ತಗೀಬ್ಯಾಡ, ಭವಾನಿ," ಎಂದರು ಅತ್ತೆ.

ಆಯಿತು. ತೆಗೆಯುವುದಿಲ್ಲ.

ಜೂನ್ 11, ಕೊಪ್ಪಳ

ಅತ್ತೆಯ ಕಾಲ್ಬೆರಳು ಕಪ್ಪಾಗಿದೆ. ಕತ್ತರಿಸಬೇಕಂತೆ. ಡಾಕ್ಟರ್ ಮಾತ್ರೆಗಳನ್ನೆಲ್ಲ ನೋಡಿದರು. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಒಂದನ್ನು ಈಗಲೇ ನಿಲ್ಲಿಸಿ ಎಂದರು.

"ಬ್ಯಾರೆ ಏನಾರ ಔಷಧ ತಗೋತೀರೇನ್ರಿ, ಅಮ್ಮಾರ?"

"ಏನಿಲ್ರಿ."

ಸುಳ್ಳಲ್ಲ. ಅಡುಗೆಮನೆಯದು ಅತ್ತೆಯ ಲೆಕ್ಕದಲ್ಲಿ ಔಷಧವೇ ಅಲ್ಲ. ಡಾಕ್ಟರ್ ನನ್ನ ಕಡೆ ನೋಡಿದರು. ಅತ್ತೆಯೂ ನೋಡಿದರು, ಕಣ್ಣಲ್ಲೇ ಬೆದರಿಸುತ್ತ.

ಸೆರಗು ಸರಿಮಾಡಿಕೊಂಡೆ. ಅಷ್ಟೇ.

ಜೂನ್ 19

ಬೆರಳು ಹೋಯಿತು. ಹಿಂದಿನ ದಿನದವರೆಗೂ ಎಣ್ಣೆ ಕುಡಿದಿದ್ದರು. ರಕ್ತ ನಿಲ್ಲಲಿಲ್ಲ. ಬ್ಯಾಂಡೇಜ್ ಬದಲಿಸಿದಷ್ಟೂ ಕೆಂಪು. ಎರಡು ಬಾಟಲಿ ರಕ್ತ ಹಾಕಿದರು — ಒಂದಕ್ಕೆ ಪ್ರಭುರಾಜ ತೋಳು ಕೊಟ್ಟ. ಈಗ ನಗಲಿಲ್ಲ.

ಡಾಕ್ಟರ್ ಹೊರಗೆ ಬಂದು, "ಮನ್ಯಾಗ ಏನಾರ ಕೊಡ್ತಿದ್ರೇನವಾ, ಖರೇ ಹೇಳು," ಎಂದರು.

"ನಾ ಸೊಸಿ ಅದೀನ್ರಿ. ನಂಗೇನ್ ಗೊತ್ತಾಗತೈತಿ? ಅತ್ತಿಯವ್ರನ್ನ ಕೇಳ್ರಿ."

ಅತ್ತೆಗೆ ಎಚ್ಚರವೇ ಇರಲಿಲ್ಲ.

ಖುಷಿಯಾಯಿತು. ನಾಚಿಕೆ ಆಮೇಲೆ ಬಂತು, ಸ್ವಲ್ಪ.

ಜೂನ್ 23

ರಕ್ತ ಇನ್ನೂ ಜಿನುಗುತ್ತಿದೆ. ಅತ್ತೆಯ ಮುಖ ಸುಣ್ಣ. ಪ್ರಭುರಾಜ ಚಹಾಕ್ಕೆ ಹೋದಾಗ ನನ್ನ ಕೈ ಹಿಡಿದರು. ಮದುವೆಯಾಗಿ ಒಂಬತ್ತು ವರ್ಷ, ಇದೇ ಮೊದಲು.

"ನಮ್ಮವ್ವಾ, ರಕ್ತೆಲ್ಲಾ ಹೋಗೇತಿ. ಆ ಎಣ್ಣಿ ಹೊಟ್ಟಿಗೆ ಬಿದ್ರ ಹೊಸಾ ರಕ್ತ ಬರತೈತಿ. ನಾಳಿಗೆ ತಗೊಂಡ್ ಬಾ. ಡಾಕ್ಟರಿಗೆ ಹೇಳಬ್ಯಾಡ."

ನಮ್ಮವ್ವಾ ಅಂದರು. ನನಗೆ.

"ಹೂಂ ರಿ," ಎಂದೆ.

ಜೂನ್ 24, ಕೊಪ್ಪಳದ ಬಸ್ಸು

ಅಕ್ಷರ ಕುಣಿಯುತ್ತಿವೆ. ಬಾಟಲಿ ಚೀಲದಲ್ಲಿದೆ, ಬುತ್ತಿಯ ಕೆಳಗೆ. ಕಿಟಕಿಯಿಂದ ಎಸೆಯೋಣವೆಂದು ಒಮ್ಮೆ ಕೈ ಹಾಕಿದೆ. ಪಕ್ಕದವಳು, "ಏನಕ್ಕಾ, ಬಳ್ಳೊಳ್ಳಿ ವಾಸನಿ?" ಎಂದಳು. ಕೈ ತೆಗೆದೆ.

ಪ್ರಭುರಾಜನ ಫೋನ್ — "ಲಗೂ ಬಾ. ಅವ್ವ ನಿನ್ನ ಹೆಸರ ತಗೀಲಾಕತ್ತಾಳ."

ಇಳಿದವಳೇ ಡಾಕ್ಟರಿಗೆ ಎಲ್ಲ ಹೇಳಿಬಿಡಬೇಕು. ಹೇಳಲೇಬೇಕು. ಆದರೆ ಅಷ್ಟು ಪ್ರೀತಿಯಿಂದ ಕೇಳಿದ್ದಾರೆ. ಮೊದಲು ಒಂದು ಚಮಚ ಕುಡಿಸಿ, ಆಮೇಲೆ —