ಗಾಜಿನ ವರಾಂಡದ ಅಳತೆ

ಮನೆಯಿಂದ,
ಮಾರ್ಚ್ ೧೪, ಸೋಮವಾರ

ಪ್ರೀತಿಯ ಅಪ್ಪಾ,

ಕಣ್ಣಿನ ಪಟ್ಟಿ ತೆಗೆದರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಈಗ ಹೇಗಿದೆ? ಔಷಧಿ ಹನಿ ಹಾಕಿಸಿಕೊಳ್ಳಲು ಹಟ ಮಾಡಬೇಡಿ. ಈ ಕಾಗದವನ್ನು ಭಾವನ ಕೈಲಿ ಓದಿಸಬೇಡಿ, ನಿಧಾನವಾಗಿಯಾದರೂ ನೀವೇ ಓದಿ. ಅಮ್ಮ ಚೆನ್ನಾಗಿದ್ದಾಳೆ. ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ ಎನ್ನುತ್ತಾಳೆ, ಮರುಕ್ಷಣವೇ ರೇಡಿಯೊ ಗಲಾಟೆ ತಪ್ಪಿತಲ್ಲ ಎಂದು ಖುಷಿಪಡುತ್ತಾಳೆ.

ಹೋದ ಮಂಗಳವಾರ ಬೆಲೆ ಕಟ್ಟಲು ಒಂದು ಮನೆಗೆ ಹೋಗಿದ್ದೆ. ನೀರಿನ ಟ್ಯಾಂಕಿನ ಹಿಂದಿನ ಬೀದಿ. ಬಟ್ಟೆ ಹೊಲಿಯುವ ಹೆಂಗಸು, ಒಬ್ಬರೇ ಇದ್ದಾರೆ. ಮಂಡಿನೋವಿಗೆ ಮಹಡಿ ಹತ್ತಲಾಗದೆ, ಮನೆ ಮಾರಿ ತಂಗಿಯ ಊರಿಗೆ ಹೊರಟಿದ್ದಾರೆ. ಕೊಳ್ಳುವವರೂ ಸಿಕ್ಕಿದ್ದರು. ಮುಂದಿನ ವರಾಂಡಕ್ಕೆ ಮೂರು ಕಡೆಯೂ ಗಾಜು ಹಾಕಿಸಿದೆ, ಅಲ್ಲೇ ಅವರ ಹೊಲಿಗೆ ಮಿಶನ್ನು. ನೀವು ನನಗೆ ಕಲಿಸಿದ್ದು ನೆನಪಿದೆ ತಾನೆ? “ಗಾಜು ಹಾಕಿದ ಮಾತ್ರಕ್ಕೆ ಕೋಣೆ ಆಗಲ್ಲ ಕಣೋ. ನೆಲ ಒಳಗಿನದಕ್ಕೆ ಸಮ ಇರಬೇಕು, ಚಳಿಗಾಲದಲ್ಲೂ ಒಳಗಿನಷ್ಟೇ ಬೆಚ್ಚಗಿರಬೇಕು.” ಇಲ್ಲಿ ನೆಲ ಒಂದು ಮೆಟ್ಟಿಲು ಕೆಳಗಿದೆ. ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಹಜಾರದ ಗೋಡೆಗೇ ನಿಂತುಬಿಟ್ಟಿದೆ. ಕಿಟಕಿಯ ಚೌಕಟ್ಟಿಗೆ ಕೈ ಹಿಡಿದರೆ ಗಾಳಿ ನುಗ್ಗುತ್ತದೆ. ಆಕೆ ಎರಡು ಸ್ವೆಟರು ಹಾಕಿಕೊಂಡು ಹೊಲಿಯುತ್ತಿದ್ದರು. ವರಾಂಡವನ್ನು ವಾಸದ ವಿಸ್ತೀರ್ಣಕ್ಕೆ ಸೇರಿಸಲಾಗುವುದಿಲ್ಲ ಎಂದೆ.

ಆಕೆ ಒಳಗೆ ಹೋಗಿ, ಹನ್ನೊಂದು ವರ್ಷದ ಹಿಂದೆ ತಾವು ಆ ಮನೆ ಕೊಂಡಾಗಿನ ವರದಿ ತಂದರು. ವರಾಂಡ ಪೂರ್ತಿಯಾಗಿ ಲೆಕ್ಕದೊಳಗಿತ್ತು. ಕೆಳಗೆ ನಿಮ್ಮ ಸಹಿ.

“ಕೊಳ್ಳೋವಾಗ ಇದೂ ಮನೇನೇ ಆಗಿತ್ತಲ್ಲಪ್ಪ? ಈಗ ಯಾವ ಗೋಡೆ ಬಿದ್ದುಹೋಯ್ತು?” ಎಂದರು.

ಮತ್ತೆ ಟೇಪು ಹಿಡಿದು ಅಳೆದೆ, ಅಳೆದರೆ ಮೆಟ್ಟಿಲು ಮಾಯವಾಗುತ್ತದೆಯೇ? ವರಾಂಡಕ್ಕೆ ಬೇರೆ ಬೆಲೆ ಕಟ್ಟುತ್ತೇವೆ, ಆದರೆ ಕೋಣೆಯಷ್ಟಲ್ಲ ಎಂದು ವಿವರಿಸಿದೆ. ಆಕೆ ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. “ಬೆಳಕಿರೋದು ಇಲ್ಲೊಂದೇ ಕಡೆ ಅಂತ ಚಳೀಲೂ ಮಿಶನ್ ಒಳಗೆ ಹಾಕ್ಲಿಲ್ಲ. ನಾನು ಬದುಕಿದ್ದೆಲ್ಲಾ ಇಲ್ಲೇ,” ಎಂದು ಕೈಯಲ್ಲಿದ್ದ ಬಟ್ಟೆ ಮಡಚಿಟ್ಟರು, ಅಷ್ಟೇ.

ಎರಡು ದಿನ ವರದಿ ಬರೆಯಲಾಗಲಿಲ್ಲ. ಹಳೆಯದರಂತೆಯೇ ಬರೆದುಬಿಟ್ಟರೆ ಆಕೆಗೂ ನೆಮ್ಮದಿ, ನಿಮ್ಮ ಹೆಸರಿಗೂ ಧಕ್ಕೆಯಿಲ್ಲ ಎಂದು ಮನಸ್ಸು ಪಿಸುಗುಟ್ಟಿತು. ಆದರೆ ಮುಂದೆ ಕೊಳ್ಳುವವರೂ ಹೀಗೆಯೇ ಒಂದು ದಿನ ಕಾಗದ ಹಿಡಿದು ನಿಲ್ಲುತ್ತಾರಲ್ಲ. ಶುಕ್ರವಾರ ವರಾಂಡವನ್ನು ಬೇರೆಯಾಗಿಯೇ ತೋರಿಸಿ, ಹಿಂದಿನ ವರದಿ ತಪ್ಪೆಂದೂ ಬರೆದುಕೊಟ್ಟೆ. ಕಚೇರಿಯ ಸಾಹೇಬರು ಹಳೆಯ ವರದಿಯ ಸಹಿ ನೋಡಿ, “ಇದು ನಿಮ್ಮ ತಂದೆಯವರದ್ದಲ್ವೇನ್ರೀ?” ಎಂದರು. ಹೌದೆಂದೆ. ವಿವರಣೆ ಕೇಳಿ ನಿಮಗೆ ಕಚೇರಿಯಿಂದ ಕಾಗದ ಬರುತ್ತದೆ. ನನ್ನ ವರದಿ ನೋಡಿ ಕೊಳ್ಳುವವರು ಹಿಂದೆ ಸರಿದಿದ್ದಾರೆ, ಆಕೆಯ ಪ್ರಯಾಣ ನಿಂತಿದೆ.

ಅಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳಿ. ನಿಮ್ಮ ಆಶೀರ್ವಾದ ಇರಲಿ.

ನಿಮ್ಮ ಮಗ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಆ ವರದಿಯ ಹಿಂದಿದ್ದ ನಕ್ಷೆಯ ಅಂಕಿಗಳು ನನ್ನ ಕೈಬರಹ. ನಿಮಗೆ ಜ್ವರ ಬಂದಿತ್ತು, ನಾನೊಬ್ಬನೇ ಹೋಗಿ ಅಳೆದಿದ್ದೆ. “ಮೆಟ್ಟಿಲುಗಿಟ್ಟಿಲು ಇಲ್ಲ ತಾನೆ?” ಎಂದು ಕೇಳಿದ್ದಿರಿ. ಸರಿಯಾಗಿ ನೋಡದೆಯೇ “ಇಲ್ಲ” ಎಂದಿದ್ದೆ. ನೀವು ನಂಬಿ ಸಹಿ ಹಾಕಿದಿರಿ. ಆ ಮನೆ ನನಗೆ ಮರೆತೇಹೋಗಿತ್ತು, ಮಂಗಳವಾರ ಆಕೆ ಕೊಟ್ಟ ವರದಿಯ ಹಾಳೆ ತಿರುಗಿಸಿದಾಗಲೇ ಗೊತ್ತಾಯಿತು. ಆರು ದಿನ ಬಾಯಿ ಬಿಡಲಿಲ್ಲ. ನಾಳೆ ಸಾಹೇಬರಿಗೂ ಆಕೆಗೂ ಹೇಳುತ್ತೇನೆ. ಅಷ್ಟರೊಳಗೆ ಕಚೇರಿಯ ಕಾಗದ ಬಂದರೆ, ಎಂದಿನಂತೆ ನನ್ನ ತಪ್ಪನ್ನು ನಿಮ್ಮ ಮೇಲೆ ಎಳೆದುಕೊಳ್ಳಬೇಡಿ ಅಪ್ಪಾ.