ಸೇತುವೆಯ ಪುಟ

ಹದಿನೇಳನೇ ತಾರೀಖು, ಭಾನುವಾರ

ನನ್ನ ಮುದ್ದಿನ ಅಕ್ಕನಿಗೆ,

ಬೈಯಬೇಡ. ಬೈಯಲೇಬೇಕಿದ್ದರೆ ಪತ್ರ ಪೂರ್ತಿ ಓದಿಯಾದ ಮೇಲೆ ಬೈ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಒಂದೂವರೆ ತಿಂಗಳು ಕಳೆದುಬಿಟ್ಟೆ. ಹೊಸ ಮದುವೆಯ ಅಮಲು ಅಂದುಕೋ. ನಾನು ಎಷ್ಟು ಸುಖವಾಗಿದ್ದೇನೆಂದರೆ, ಬಟ್ಟೆ ಒಣಹಾಕುವಾಗಲೂ ನಗು ಬರುತ್ತದೆ. ಮೊನ್ನೆ ಎದುರು ಮನೆಯ ದರ್ಜಿ, "ಏನಮ್ಮಾ, ಆ ಕ್ಲಿಪ್ಪು ಏನಾದ್ರೂ ಜೋಕ್ ಹೇಳ್ತಾ?" ಎಂದು ಕೂಗಿ ಕೇಳಿದರು!

ಮನೆ ಮೂರನೇ ಮಹಡಿಯಲ್ಲಿದೆ. ಎರಡು ಕೋಣೆ, ಒಂದು ಉದ್ದನೆಯ ಅಡುಗೆಮನೆ. ದಂತವೈದ್ಯರು ಕಳಿಸುವ ಬಾಯಿಯ ಅಚ್ಚುಗಳನ್ನಿಟ್ಟುಕೊಂಡು ಇವರು ಕಿಟಕಿಯ ಪಕ್ಕದ ಮೇಜಿನಲ್ಲಿ ಹಲ್ಲಿನ ಸೆಟ್ಟು ಕಟ್ಟುತ್ತಾರೆ. ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ಐದಾರು ಬಾಯಿಗಳು ಒಟ್ಟಿಗೆ ನನ್ನನ್ನು ನೋಡಿ ನಗುತ್ತವೆ. ಇವರಿಗೆ 'ಹಲ್ಲುಸಾಹೇಬರು' ಎಂದು ಹೆಸರಿಟ್ಟಿದ್ದೇನೆ. ಈಗ ಅತ್ತೆಯೂ, "ಸಾಹೇಬ್ರನ್ನ ಊಟಕ್ಕೆ ಕರಿಯೇ" ಅನ್ನುತ್ತಾರೆ. ಮಾವ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರು, ಇವರಿಗೆ ಆರು ವರ್ಷವಿದ್ದಾಗ ಯುದ್ಧಕ್ಕೆ ಹೋದವರು ಮರಳಲಿಲ್ಲ ಎಂಬುದೆಲ್ಲ ನಿನಗೆ ಗೊತ್ತೇ ಇದೆ. ಮನೆಯಲ್ಲಿ ಆ ಮಾತು ಯಾರೂ ಎತ್ತುವುದಿಲ್ಲ.

ಇನ್ನು ನಾನು ಮಾಡಿದ ಘನಕಾರ್ಯ ಕೇಳು.

ಪರದೆ ಹುಡುಕುತ್ತ ಮಂಚದ ಕೆಳಗಿನ ಟ್ರಂಕು ತೆರೆದೆ. ತಳದಲ್ಲಿ ಮೂರು ದಪ್ಪ ಪುಸ್ತಕ! ಒಂದರಲ್ಲಿ ಹಿಮದ ನಾಡಿಗೆ ಹೊರಟ ಒಂಬತ್ತು ಜನರ ಸಾಹಸ, ಇನ್ನೊಂದು ಬಣ್ಣದ ಚಿತ್ರಗಳಿರುವ ಕಾಡುಪ್ರಾಣಿಗಳದ್ದು, ಮೂರನೆಯದು ಯುದ್ಧದ ಚರಿತ್ರೆ. ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಕನ್ನಡಕ್ಕೆ ವಾರಕ್ಕೆರಡೇ ಪಿರಿಯಡ್ ಇದ್ದದ್ದು ನಿನಗೆ ನೆನಪಿರಬೇಕಲ್ಲ. ಅಂಥ ನಾನು ನೆಲದ ಮೇಲೆ ಕೂತು ಇಡೀ ಮಧ್ಯಾಹ್ನ ಕನ್ನಡ ಓದಿದೆ ಕಣೇ! ಆದರೆ ಅಲ್ಲಲ್ಲಿ ಪುಟಗಳು ಅಂಟಿಕೊಂಡಿದ್ದವು. ಹಿಮಕ್ಕೆ ಒಂಬತ್ತು ಜನ ಹೊರಟು, ನಡುವೆ ಮೂರು ಕಡೆ ಪುಟ ಅಂಟಿ, ಕೊನೆಗೆ ನಾಲ್ಕೇ ಜನ ಹಡಗು ಹತ್ತುತ್ತಾರೆ. ಪ್ರಾಣಿಗಳ ಪುಸ್ತಕದಲ್ಲಿ ಜಿಂಕೆ ಆರಾಮವಾಗಿ ಮೇಯುತ್ತಿದೆ, ಹುಲಿಯ ಅಧ್ಯಾಯ ಬಿಡಿಸಲು ಬರುವುದೇ ಇಲ್ಲ. ಯುದ್ಧದ್ದಂತೂ ಪುಸ್ತಕವಲ್ಲ, ಹಲಗೆ.

ತೇವಕ್ಕೆ ಅಂಟಿರಬೇಕು ಅಂದುಕೊಂಡೆ. ಇವರ ಹುಟ್ಟಿದ ದಿನ ಹತ್ತಿರ ಬಂದಿತ್ತು. ಕೆಟಲಿನ ಹಬೆ ಹಿಡಿದು, ಹೆಣಿಗೆಯ ಕಡ್ಡಿ ತೂರಿಸಿ, ಎರಡು ಮಧ್ಯಾಹ್ನ ಕಷ್ಟಪಟ್ಟು ಎಲ್ಲ ಬಿಡಿಸಿದೆ. ಒಂದು ಪುಟವೂ ಹರಿಯಲಿಲ್ಲ. ಕಾಗದ ಸುತ್ತಿ, ರಿಬ್ಬನ್ ಕಟ್ಟಿ ಕೊಟ್ಟೆ.

ಇವರು ಪುಟ ತಿರುವಿದರು. ಯುದ್ಧದ ಪುಸ್ತಕದಲ್ಲಿ ಒಂದು ಕಡೆ ಹೆಬ್ಬೆರಳು ನಿಂತಿತು.

"ಯಾರು ಹೇಳಿದ್ರು ನಿನಗೆ ಇದನ್ನ ಬಿಡಿಸೋಕೆ?"

ಜೋರಾಗಿಯೇನೂ ಅಲ್ಲ. ಅಷ್ಟು ಹೇಳಿ ಮೇಜಿಗೆ ಹೋಗಿ ಕೂತರು. ಮೂರು ದಿನ 'ಹೂಂ', 'ಊಹೂಂ' ಬಿಟ್ಟರೆ ಮಾತಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ಹತ್ತು ನಿಮಿಷ ಸುಮ್ಮನಿದ್ದರೆ ಜ್ವರವೇ ಎಂದು ಹಣೆ ಮುಟ್ಟಿ ನೋಡುತ್ತಿದ್ದೆವಲ್ಲ, ನಾನು ಹೇಗೆ ತಡೆದುಕೊಳ್ಳಲಿ? ಮದುವೆಯಾದ ಎರಡೇ ತಿಂಗಳಿಗೆ ಏನೋ ಮುರಿದೆ ಅನ್ನಿಸಿತು. ಏನು ಅಂತ ಮಾತ್ರ ಗೊತ್ತಾಗಲಿಲ್ಲ.

ಮೂರನೇ ದಿನ ಬಟಾಣಿ ಸುಲಿಯುತ್ತ ಅತ್ತೆಯೇ ಹೇಳಿದರು. "ತೇವಕ್ಕೆ ಅಂಟಿದ್ದಲ್ಲ ಕಣೇ ಹುಡುಗಿ. ಅವನು ಅಂಟಿಸಿದ್ದು."

ಮೊದಲೆರಡು ಪುಸ್ತಕ ಮಾವ ತಂದವು. ಯುದ್ಧದ್ದನ್ನು ಅವರು ಹೋದ ಎರಡು ವರ್ಷಕ್ಕೆ ಅತ್ತೆ ಕೊಂಡರಂತೆ. ಅದು ಮಾವ ಹೋದ ಯುದ್ಧದ್ದೇ ಚರಿತ್ರೆ. ದಿನಾ ಸ್ಕೂಲು ಬಿಟ್ಟ ಮೇಲೆ ಮಗನಿಗೆ ಓದಿ ಹೇಳುತ್ತಿದ್ದರು. ಯಾರಾದರೂ ಸಾಯುವ ಕಡೆ ಬಂದರೆ, ಹುಲಿ ಹಿಡಿದ ಜಿಂಕೆಯೇ ಆಗಲಿ, ಮುಂದೆ ಓದಲಾಗದೆ ಪುಸ್ತಕ ಮುಚ್ಚಿಬಿಡುತ್ತಿದ್ದರು. ಎಂಟು ವರ್ಷದ ಇವರು ಅಮ್ಮನಿಗಿಂತ ಮುಂದೆ ಮುಂದೆ ಒಬ್ಬರೇ ಓದಿಕೊಂಡು, ಸಾವಿರುವ ಪುಟಗಳನ್ನೆಲ್ಲ ಹುಡುಕಿ, ಶಾಲೆಯ ಗೋಂದು ಹಚ್ಚಿಬಿಟ್ಟಿದ್ದರು.

"ನಾನೂ ಏನೂ ಆಗಿಲ್ಲ ಅನ್ನೋ ಹಾಗೆ ಓದ್ಕೊಂಡು ಹೋದೆ. ಒಂಬತ್ತು ಜನ ಹೋದ್ರು, ನಾಲ್ಕು ಜನ ಬಂದ್ರು. ಉಳಿದವರೆಲ್ಲಿ ಅಂತ ಅವನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

"ನಿಮಗೆ ಗೊತ್ತಿದೆ ಅಂತ ಅವರಿಗೆ ಗೊತ್ತಾ ಅತ್ತೆ?"

"ಇಲ್ಲ. ನೀನೂ ಬಾಯಿ ಬಿಡ್ಬೇಡ."

ನನ್ನ ಬಾಯಿ ನಿನಗೆ ಗೊತ್ತಲ್ಲ. ಸಂಜೆಯೊಳಗೆ ಹೇಳಿಬಿಟ್ಟೆ. ಇವರು ಕೈಯಲ್ಲಿದ್ದ ದವಡೆ ಕೆಳಗಿಟ್ಟರು.

"ಅಮ್ಮನಿಗೆ ಗೊತ್ತಿತ್ತಾ? ಇಷ್ಟು ವರ್ಷ?"

"ಮೊದಲ ದಿನದಿಂದ."

"ಹಾಗಾದ್ರೆ ಎರಡು ಬಾಟಲಿ ಗೋಂದು ದಂಡ," ಎಂದು ನಕ್ಕರು. ಅಕ್ಕಾ, ನಕ್ಕರು! ತಟ್ಟೆ ಹಾಕು ಅಂದರು, ಎರಡು ಸಲ ಬಡಿಸಿಕೊಂಡರು. ಕೈ ತೊಳೆದು ಬಂದು ಮಾತ್ರ ಮೆಲ್ಲಗೆ, "ಯುದ್ಧದ ಪುಸ್ತಕ ವಾಪಸ್ ಟ್ರಂಕಿಗೆ ಹಾಕು. ಅಮ್ಮನ ಕೈಗೆ ಸಿಗೋದು ಬೇಡ," ಅಂದರು.

"ಯಾಕ್ರೀ? ಅವರೇ ಕೊಂಡದ್ದಂತಲ್ಲ?"

"ಅದಕ್ಕೇ."

ನಾನು ಕೆದಕಲಿಲ್ಲ, ಮನೆಯಲ್ಲಿ ಮಾತು ಮರಳಿ ಬಂದದ್ದೇ ದೊಡ್ಡದಾಗಿತ್ತು.

ಭಾವನಿಗೆ ನಮಸ್ಕಾರ. ನಿನ್ನ ಮಗಳಿಗೆ ಹಲ್ಲು ಬರುತ್ತಿದೆ ಎಂದು ಬರೆದಿದ್ದೀಯ. ಎಲ್ಲ ಹಲ್ಲೂ ಗಟ್ಟಿಯಾಗಿ ಬಂದು ನೂರು ವರ್ಷ ನಿಲ್ಲಲಿ, ನಮ್ಮ ಹಲ್ಲುಸಾಹೇಬರ ಕೈಗೆ ಅವಳ ಕೆಲಸ ಎಂದೂ ಬೀಳದಿರಲಿ ಎಂಬುದೇ ಈ ಚಿಕ್ಕಮ್ಮನ ಹಾರೈಕೆ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ಬೈಸಿಕೊಳ್ಳಲು ಸಿದ್ಧಳಾಗಿ ಕೂತಿರುವ,
ನಿನ್ನ ವಟವಟ

ಮತ್ತೊಂದು ಮಾತು (ಮಂಗಳವಾರ): ಲಕೋಟೆ ಅಂಟಿಸಿರಲಿಲ್ಲ. ಇವತ್ತು ಇವರು ಸೆಟ್ಟುಗಳನ್ನು ತಲುಪಿಸಲು ಹೋದಾಗ ಅತ್ತೆ ತಾವೇ ಟ್ರಂಕು ಎಳೆದು ಯುದ್ಧದ ಪುಸ್ತಕ ತಂದರು. "ಸೇತುವೆ ವಿಷಯ ಎಲ್ಲಿದೆ, ಓದು. ನನ್ನ ಕನ್ನಡಕಕ್ಕೆ ಈ ಅಕ್ಷರ ಸಣ್ಣದು." ಮಾವ ತೀರಿಹೋದದ್ದು ಆ ಸೇತುವೆಯ ಹತ್ತಿರ. ಓದಿದೆ. ಒಂದೇ ವಾಕ್ಯ: ಸೇತುವೆಯ ಬಳಿ ನಡೆದ ದಾಳಿಯಲ್ಲಿ ಹನ್ನೊಂದು ಲಾರಿ, ಎರಡು ಜೀಪು ನಷ್ಟವಾದವು. "ಮುಂದೆ?" ಅಂದರು. ಮುಂದೆ ಹವಾಮಾನ, ಆಮೇಲೆ ದಂಡನಾಯಕರ ಯೋಜನೆ. "ಹೆಸರು ಹಾಕಿಲ್ವಾ?" ಇಪ್ಪತ್ತೈದು ವರ್ಷ, ಅಕ್ಕಾ, ಆ ಅಂಟಿದ ಪುಟದೊಳಗೆ ಮಾವನ ಹೆಸರು ಅಚ್ಚಾಗಿದೆ ಎಂದೇ ಅವರು ನಂಬಿದ್ದರು. ಇಲ್ಲವೆಂಬುದು ಇವರಿಗೆ ಎಂಟನೇ ವಯಸ್ಸಿನಲ್ಲೇ ಗೊತ್ತಿತ್ತು. "ಇಲ್ಲ ಅತ್ತೆ" ಅಂದೆ. ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ಹೋಗ್ಲಿ, ಲಾರಿ ನಂಬರ್ ಆದ್ರೂ ಕೊಟ್ಟಿದ್ದಾರಾ ನೋಡು" ಎಂದು ಆರು ಅಂಕಿಯ ನಂಬರನ್ನು ಒಂದೇ ಉಸಿರಿಗೆ ಹೇಳಿದರು. ನಾನು ಆ ಪುಟದ ಮೇಲೆ ಬೆರಳಿಟ್ಟು, ಮೊದಲ ಸಾಲಿನಿಂದ ಮತ್ತೆ ಹುಡುಕಿದೆ.